ಕೊಲೆಗಾರ ಸಿಕ್ಕ ಮರುದಿನ

ಕರ್ನಾಟಕದಲ್ಲಿ ಮೊದಲು ಟಿವಿ ನೋಡಿದವರು ಯಾರು ಅಂತ ಕೇಳಿದರೆ ಬೆಂಗಳೂರಿನವರು ಕೈ ಎತ್ತುತ್ತಾರೆ. ಅವರು ಕೈ ಇಳಿಸಬೇಕಾಗುತ್ತದೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ನಮ್ಮ ಕಡೆಯ ಹಳ್ಳಿಗಳು ಅದಕ್ಕೂ ಆರು ವರ್ಷ ಮೊದಲೇ ಟಿವಿ ನೋಡಿದ್ದವು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ 'ಸೈಟ್' ಅನ್ನುವ ಪ್ರಯೋಗ ನಡೆಸಿದವು. ಉಪಗ್ರಹದಿಂದ ನೇರ ಹಳ್ಳಿಗೆ ಟಿವಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದಿಂದ ಗುಲಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿಯೂ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಇಲ್ಲೇ, ಗುಲಬರ್ಗಾದಲ್ಲೇ, ಟ್ರಾನ್ಸ್‌ಮಿಟರ್ ಬಂತು.

ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಭಕ್ಕೂ ಹೌದು. ಆದರೆ ಇವತ್ತಿನ ವಿಷಯಕ್ಕೆ ಸಂಬಂಧ ಇದೆ. ಆ ಟಿವಿ ಯಾರ ಮನೆಯ ಟಿವಿಯೂ ಆಗಿರಲಿಲ್ಲ. ಊರಿಗೆಲ್ಲ ಒಂದು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಡುತ್ತಿದ್ದರು, ಊರವರು ಕೂಡಿ ನೋಡುತ್ತಿದ್ದರು. ಬರುತ್ತಿದ್ದದ್ದು ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ. ಕೊಲೆಯೂ ಇಲ್ಲ, ಪತ್ತೇದಾರನೂ ಇಲ್ಲ. ಆದರೆ ಟಿವಿ ಅಂದರೆ ಮಾತಾಡುತ್ತಾ ನೋಡುವ ವಸ್ತು ಅನ್ನುವುದು ನಮ್ಮ ಕಡೆ ಅಲ್ಲಿಂದಲೇ ಬಂದಿದೆ. ಸುಮ್ನೆ ಕೂತು ನೋಡುವುದು ನಮಗೆ ಆಗುವ ಕೆಲಸ ಅಲ್ಲ.

ಈಗ ಮನೆಯಲ್ಲಿ ನಾಲ್ಕು ಜನ ಇದ್ದರೆ ಐದು ಮೊಬೈಲ್. ಆದರೂ ಒಂದು ಪತ್ತೇದಾರಿ ಸೀರಿಯಲ್‌ನಲ್ಲಿ ದೊಡ್ಡ ತಿರುವು ಬಂದ ರಾತ್ರಿ ಗಮನಿಸಿ. ಸತ್ತವನು ಬದುಕಿದ್ದಾನೆ, ಅಥವಾ ಇಷ್ಟು ದಿನ ಅಳುತ್ತಿದ್ದವಳೇ ವಿಷ ಹಾಕಿದವಳು. ಹೆಸರುಗಳು ಇನ್ನೂ ಪರದೆ ಮೇಲೆ ಹರಿಯುತ್ತಿರುತ್ತವೆ, ಅಷ್ಟರಲ್ಲಿ ಫೋನ್. ಅಕ್ಕ ತಂಗಿಗೆ, ತಂಗಿ ಹೈದರಾಬಾದ್‌ನಲ್ಲಿರುವ ವೈನಿಗೆ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹಾಕದ ಕಾಕಾ ಕೂಡ ಒಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ. ಮರುದಿನ ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಅದೇ ಮಾತು.

ನಾನು ಇವತ್ತು ಮಾತಾಡಬೇಕೆಂದಿರುವುದು ಆ ಮರುದಿನದ ಬಗ್ಗೆ. ತಿರುವು ಚೆನ್ನಾಗಿತ್ತೋ ಇಲ್ಲವೋ ಅಂತ ತಿಳಿಯಲು ನಾನು ಒಂದೇ ಒಂದನ್ನು ನೋಡುತ್ತೇನೆ. ಜನರ ಮಾತು ಎತ್ತ ಹೋಗುತ್ತಿದೆ? ಹಿಂದಕ್ಕೋ, ಮುಂದಕ್ಕೋ? "ಹೌದಲ್ಲ, ಹತ್ತನೇ ಕಂತಿನ್ಯಾಗ ಅಂವ ಎಡಗೈಲೆ ಬರದಿದ್ದ, ನಾವ್ಯಾರೂ ನೋಡೇ ಇಲ್ಲ" ಅಂತ ಯಾರಾದರೂ ಅಂದರೆ ಮಾತು ಹಿಂದಕ್ಕೆ ಹೋಯಿತು. ಆ ತಿರುವು ಗೆದ್ದಿತು. "ಇನ್ನ ಏನೇನ್ ತೋರಸ್ತಾರೋ ಯಾರಿಗ್ಗೊತ್ತು" ಅಂದರೆ ಮಾತು ಬರೀ ಮುಂದಕ್ಕೆ ಹೋಗುತ್ತಿದೆ. ನೋಡುವವರು ಊಹಿಸುವುದನ್ನು ಬಿಟ್ಟಿದ್ದಾರೆ ಅಂತ ಅರ್ಥ. ಬೈಗುಳ ಎರಡೂ ಕಡೆ ಇರುತ್ತದೆ. ಬೈಗುಳದ ಲೆಕ್ಕ ಹಿಡಿದರೆ ಏನೂ ತಿಳಿಯುವುದಿಲ್ಲ.

ಒಂದೇ ಸೀರಿಯಲ್ ಎರಡನ್ನೂ ಮಾಡಿದ ಉದಾಹರಣೆ ಇದೆ. ಅಮೆರಿಕದ 'ಡಲ್ಲಾಸ್'. ಎಣ್ಣೆ ಬಾವಿಗಳ ಶ್ರೀಮಂತ ಮನೆತನ, ಆಸ್ತಿ ಜಗಳ, ಅಣ್ಣ ತಮ್ಮಂದಿರ ಕಾದಾಟ. ನಮಗೇನೂ ಹೊಸದಲ್ಲ, ಅಲ್ವಾ? ಮನೆಯ ಹಿರಿಮಗ ಜೆ.ಆರ್. ಪರಮ ನೀಚ. 1980ರ ಮಾರ್ಚ್ 21ರ ಕಂತಿನ ಕೊನೆಯಲ್ಲಿ ಅವನು ಆಫೀಸಿನಲ್ಲಿ ಒಬ್ಬನೇ ಇದ್ದಾಗ ಯಾರೋ ಗುಂಡು ಹಾರಿಸುತ್ತಾರೆ. ಯಾರು ಅಂತ ತೋರಿಸದೆ ಆ ವರ್ಷದ ಕಂತುಗಳು ಮುಗಿದವು. ಅಷ್ಟರಲ್ಲಿ ನಟರ ಮುಷ್ಕರ ಬಂತು, ಚಿತ್ರೀಕರಣ ನಿಂತಿತು, ಉತ್ತರ ಇನ್ನೂ ಮುಂದೆ ಹೋಯಿತು. ಎಂಟು ತಿಂಗಳು! "ಜೆ.ಆರ್.ಗೆ ಗುಂಡು ಹೊಡೆದವರು ಯಾರು" ಅಂತ ಟೀ ಶರ್ಟ್ ಬಂದವು. ಬಾಜಿ ಕಟ್ಟಿಸಿಕೊಳ್ಳುವವರು ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ದರ ಇಟ್ಟರು. ಸುದ್ದಿ ಸೋರಬಾರದು ಅಂತ ಬೇರೆ ಬೇರೆ ಪಾತ್ರಗಳು ಗುಂಡು ಹೊಡೆಯುವ ಹಾಗೆ ದೃಶ್ಯ ತೆಗೆದಿದ್ದರು. ನಟರಿಗೇ ನಿಜ ಯಾವುದು ಗೊತ್ತಿರಲಿಲ್ಲ. ನವೆಂಬರ್ 21ರಂದು ಉತ್ತರ ಬಂದಾಗ ಅಮೆರಿಕದಲ್ಲಿ ಸುಮಾರು 8.3 ಕೋಟಿ ಜನ ನೋಡಿದರು.

ಹೊಡೆದವಳು ಅವನ ನಾದಿನಿ, ಹೆಂಡತಿಯ ತಂಗಿ. ಅವನಿಗೂ ಅವಳಿಗೂ ಸಂಬಂಧ ಇತ್ತು, ಅವಳನ್ನು ಊರು ಬಿಡಿಸಲು ಅವನು ಹೊರಟಿದ್ದ. ಇದೆಲ್ಲ ಹಿಂದಿನ ಕಂತುಗಳಲ್ಲೇ ಬಂದಿತ್ತು. ಜನರ ಕಣ್ಣ ಮುಂದೆಯೇ ಇತ್ತು. ಹಾಗಾಗಿ ತಪ್ಪಾಗಿ ಊಹಿಸಿದವರೂ ತಲೆ ಆಡಿಸಿದರು.

ಅದೇ ಸೀರಿಯಲ್, ಐದು ವರ್ಷದ ನಂತರ. ಜೆ.ಆರ್.ನ ತಮ್ಮ ಬಾಬಿ 1985ರ ಮೇ ತಿಂಗಳಲ್ಲಿ ಸತ್ತ. ಆ ಪಾತ್ರ ಮಾಡುತ್ತಿದ್ದ ನಟ ಸೀರಿಯಲ್ ಬಿಟ್ಟಿದ್ದರು. ಒಂದು ವರ್ಷ ಕಥೆ ಅವನಿಲ್ಲದೆ ನಡೆಯಿತು. ಹೆಂಡತಿ ಪಾಮ್‌ಗೆ ಬೇರೆ ಮದುವೆಯೂ ಆಯಿತು. 1986ರ ಮೇ ತಿಂಗಳ ಕೊನೆಯ ಕಂತಿನಲ್ಲಿ ಅವಳು ಬೆಳಿಗ್ಗೆ ಎದ್ದು ಬಚ್ಚಲಿನ ಬಾಗಿಲು ತೆರೆಯುತ್ತಾಳೆ. ಒಳಗೆ ಬಾಬಿ ಸ್ನಾನ ಮಾಡುತ್ತಿದ್ದಾನೆ, ತಿರುಗಿ "ಗುಡ್ ಮಾರ್ನಿಂಗ್" ಅನ್ನುತ್ತಾನೆ. ಜನ ಬೇಸಿಗೆಯಿಡೀ ತಲೆ ಕೆಡಿಸಿಕೊಂಡರು. ಅವಳಿ ತಮ್ಮನಾ? ವೇಷ ಹಾಕಿದವನಾ? ಸೆಪ್ಟೆಂಬರ್‌ನಲ್ಲಿ ಉತ್ತರ ಕೊಟ್ಟರು: ಇಡೀ ಒಂದು ವರ್ಷದ ಕಥೆ ಪಾಮ್ ಕಂಡ ಕನಸು.

ಕನಸು! ಆ ವರ್ಷ ನಡೆದ ಮದುವೆ, ಜಗಳ, ವ್ಯಾಪಾರ ಯಾವುದೂ ನಡೆದೇ ಇಲ್ಲ. ಇಲ್ಲಿ ಮಾತು ಹಿಂದಕ್ಕೆ ಹೋಗಲು ಜಾಗವೇ ಇಲ್ಲ, ಯಾಕೆಂದರೆ ಹಿಂದಿನದನ್ನೇ ಅಳಿಸಿದ್ದಾರೆ. ಸೀರಿಯಲ್ ಆಮೇಲೂ 1991ರವರೆಗೆ ನಡೆಯಿತು. ಆದರೆ ಆ ಬಚ್ಚಲಿನ ದೃಶ್ಯ ಇವತ್ತಿಗೂ ನಗೆಪಾಟಲು.

ನಮ್ಮ ಗಂಜ್‌ಗೆ ತೊಗರಿ ತಂದ ರೈತನನ್ನು ನೋಡಿದ್ದೀರಿ. ರೇಟು ಬಿದ್ದರೆ ಬೈದುಕೊಂಡು ಮಾರಿ ಹೋಗುತ್ತಾನೆ. ತೂಕದಲ್ಲಿ ಹೆಚ್ಚುಕಮ್ಮಿ ಆದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಪತ್ತೇದಾರಿ ಕಥೆಯ ಅಭಿಮಾನಿಯೂ ಹಾಗೆಯೇ. ಊಹೆ ಸೋತರೆ ಅವನಿಗೆ ಖುಷಿಯೇ. ಸುಳಿವನ್ನು ತೋರಿಸದೆ ಸೋಲಿಸಿದರೆ ಮಾತ್ರ ಸುಮ್ಮನಿರುವುದಿಲ್ಲ.

ಇದು ಟಿವಿಗಿಂತ ಹಳೆಯ ಕರಾರು. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿ ಇದ್ದರು. ಬೆಳಿಗ್ಗೆ ಪ್ರವಚನ, ಬಿಡುವಿನಲ್ಲಿ ಕೊಲೆ ಕಥೆ. 1929ರಲ್ಲಿ ಅವರು ಪತ್ತೇದಾರಿ ಬರೆಯುವವರಿಗೆ ಹತ್ತು ನಿಯಮ ಹಾಕಿದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ದೆವ್ವ ಭೂತ ತಂದು ಬಿಡಿಸಬಾರದು. ಗುಪ್ತ ಕೋಣೆ ಒಂದಕ್ಕಿಂತ ಜಾಸ್ತಿ ಇರಬಾರದು. ಕೊನೆಯ ನಿಯಮ ನನಗೆ ಬಹಳ ಇಷ್ಟ: ಅವಳಿಜವಳಿ ಇದ್ದಾರೆ ಅಂತ ಓದುಗನಿಗೆ ಮೊದಲೇ ಸೂಚನೆ ಕೊಡದೆ ಅವಳಿಗಳನ್ನು ತರಬಾರದು. ನಮ್ಮ ಹಿಂದಿ, ಕನ್ನಡ, ತೆಲುಗು ಸೀರಿಯಲ್‌ನವರ ಕೈಗೆ ಈ ಹತ್ತನೇ ನಿಯಮವನ್ನು ಕೊಟ್ಟರೆ ಅರ್ಧ ಕಥೆ ಅಲ್ಲೇ ನಿಂತುಹೋಗುತ್ತದೆ. ಪ್ಲಾಸ್ಟಿಕ್ ಸರ್ಜರಿ ಬಗ್ಗೆ ನಾಕ್ಸ್ ಏನೂ ಹೇಳಿಲ್ಲ. ಪಾಪ, ಅಷ್ಟು ದೂರ ಅವರು ಯೋಚಿಸಿರಲಿಕ್ಕಿಲ್ಲ.

ಈಗ ಗುಟ್ಟು ಬಿಚ್ಚುವವರ ವಿಷಯ. ನಮ್ಮ ಕಡೆ ಇದು ದೊಡ್ಡ ಸಮಸ್ಯೆ. ಕಲಬುರಗಿ, ಬೀದರ್‌ನ ಒಂದೊಂದು ಓಣಿಯಲ್ಲೂ ಕನ್ನಡ, ಹಿಂದಿ, ತೆಲುಗು, ಮರಾಠಿ ಸೀರಿಯಲ್ ನೋಡುವವರು ಒಟ್ಟಿಗೆ ಇರುತ್ತಾರೆ. ಒಂದು ಕಥೆ ತೆಲುಗಿನಲ್ಲೋ ಮರಾಠಿಯಲ್ಲೋ ಮೊದಲು ಬಂದು, ಆಮೇಲೆ ಕನ್ನಡಕ್ಕೆ ರೀಮೇಕ್ ಆಗುತ್ತದೆ. ಇಲ್ಲಿ ನೀವು ಕಣ್ಣೊರೆಸಿಕೊಳ್ಳುತ್ತಿದ್ದರೆ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಹೇಳುತ್ತಾರೆ: "ಯಾಕ್ ಅಳ್ಲತ್ತೀರಿ ವೈನಿ, ಅಕಿ ಸತ್ತಿಲ್ಲ. ನಾ ತೆಲುಗಿನ್ಯಾಗ ನೋಡೀನಿ." ಇದರ ಮೇಲೆ ಈಗ ಆ್ಯಪ್ ಬೇರೆ. ದುಡ್ಡು ಕಟ್ಟಿದವರು ಟಿವಿಗಿಂತ ಮೊದಲೇ ಕಂತು ನೋಡಿ ಮುಗಿಸಿರುತ್ತಾರೆ. ಇನ್ನು ಚಾನೆಲ್‌ನವರೇ ಪ್ರೋಮೊದಲ್ಲಿ ಅರ್ಧ ಬಿಚ್ಚುತ್ತಾರೆ. ಮನೆಯವರೇ ಮಾಡಿದ ಕಳ್ಳತನ ಅದು.

ಗುಟ್ಟು ಬಿಚ್ಚಿದ್ದಕ್ಕೆ ಒಂದು ದೇಶವೇ ಸಿಟ್ಟಾದ ಕಥೆ ಹೇಳುತ್ತೇನೆ. ಪಶ್ಚಿಮ ಜರ್ಮನಿ, 1962ರ ಜನವರಿ. ಫ್ರಾನ್ಸಿಸ್ ಡರ್‌ಬ್ರಿಡ್ಜ್ ಅನ್ನುವ ಇಂಗ್ಲಿಷ್ ಲೇಖಕರ ಕಥೆಯೊಂದು ಆರು ಕಂತಿನಲ್ಲಿ ಬಂತು. 'ದಾಸ್ ಹಾಲ್ಸ್‌ಟೂಖ್' ಅಂತ ಹೆಸರು. ಹಾಗಂದರೆ ಕುತ್ತಿಗೆಗೆ ಸುತ್ತುವ ಶಾಲು. ಕೊಲೆ ಆಗುವುದು ಅದರಿಂದಲೇ. ಟಿವಿ ಇದ್ದವರಲ್ಲಿ ಸುಮಾರು 90% ಜನ ನೋಡಿದರು. ಸಂಜೆ ಬೀದಿಗಳು ಖಾಲಿ. ನಾಟಕದ ಮನೆಗಳು, ಸಿನಿಮಾ ಮಂದಿರಗಳು ಖಾಲಿ. ಇಂಥ ಸೀರಿಯಲ್‌ಗಳಿಗೆ ಅಲ್ಲಿನವರು 'ಬೀದಿ ಗುಡಿಸುವವು' ಅಂತಲೇ ಕರೆಯುತ್ತಿದ್ದರು.

ವೋಲ್ಫ್‌ಗಾಂಗ್ ನಾಯ್ಸ್ ಅನ್ನುವ ಹಾಸ್ಯ ಕಲಾವಿದರೊಬ್ಬರು ಇದ್ದರು. ಅವರದೊಂದು ಸಿನಿಮಾ ಆಗ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದಕ್ಕಿಂತ, ಎಲ್ಲರೂ ಮನೆಯಲ್ಲಿ ಕೂತಿದ್ದರಿಂದ ಓಡುತ್ತಿರಲಿಲ್ಲ. ಕೊನೆಯ ಕಂತಿನ ಹಿಂದಿನ ದಿನ ಅವರು ಬರ್ಲಿನ್‌ನ ಒಂದು ಪೇಪರ್‌ಗೆ ಜಾಹೀರಾತು ಕೊಟ್ಟರು. ನಾಳೆ ಮನೆಯಲ್ಲಿ ಕೂರಬೇಡಿ, ಕೊಲೆಗಾರನ ಪಾತ್ರ ಡೀಟರ್ ಬೋರ್ಶೆ ಅವರದು, ಹಾಗಾಗಿ ಸಿನಿಮಾಕ್ಕೆ ಹೋಗಿ ಅಂತ. ನಟನ ಹೆಸರನ್ನೇ ಹಾಕಿಬಿಟ್ಟರು. ಅದು ಸರಿಯೂ ಆಗಿತ್ತು.

ಜನ ಬೆಂಕಿ ಆದರು. ಪತ್ರಿಕೆಯಲ್ಲಿ ಅವರನ್ನು ದೇಶದ್ರೋಹಿ ಅಂತ ಬರೆದರು. ಕೊಲ್ಲುವ ಬೆದರಿಕೆಗಳು ಬಂದವು. ತಾನು ಸುಮ್ನೆ ಊಹಿಸಿ ಹೇಳಿದ್ದು ಅಂತ ಅವರು ಆಮೇಲೆ ಹೇಳಿಕೊಂಡರು. ಯಾರು ಕೇಳುತ್ತಾರೆ!

ಅದೇ ಮಾತನ್ನು ಒಬ್ಬ ಅಭಿಮಾನಿ ಚಹಾ ಅಂಗಡಿಯಲ್ಲಿ ಕೂತು "ನನಗ ಅಂವನ ಮ್ಯಾಲೆ ಡೌಟದ" ಅಂದಿದ್ದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. "ಹೆಂಗ ಹೇಳ್ತಿ?" ಅಂತ ಇನ್ನೊಂದು ಚಹಾ ಹೇಳುತ್ತಿದ್ದರು. ನಾಯ್ಸ್ ಚರ್ಚೆಗೆ ಕರೆಯಲಿಲ್ಲ, ಚರ್ಚೆ ಮುಗಿಸಿದರು. ಎರಡು ವಾರ ಕೂತು ಲೆಕ್ಕ ಹಾಕಿದವರ ಕೈಯಿಂದ ಕೊನೆಯ ರಾತ್ರಿ ಸ್ಲೇಟು ಕಸಿದುಕೊಂಡರು. ಬೆದರಿಕೆ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತದೆ.

ಗುಟ್ಟು ಗೊತ್ತಾದರೆ ರುಚಿ ಹೋಗುತ್ತದಾ? ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಓದುಗರಿಗೆ ಸಣ್ಣ ಕಥೆಗಳನ್ನು ಕೊಟ್ಟರು. ಕೆಲವರಿಗೆ ಕೊನೆ ಮೊದಲೇ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಪತ್ತೇದಾರಿ ಕಥೆಗಳೂ ಅದರಲ್ಲಿದ್ದವು. ಕೊನೆ ಗೊತ್ತಿದ್ದವರೇ ಜಾಸ್ತಿ ಮೆಚ್ಚಿದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದನ್ನು ಇಟ್ಟುಕೊಂಡು ನಿಮ್ಮ ಮಾವನ ಜೊತೆ ವಾದ ಮಾಡಬೇಡಿ.

ನನಗಂತೂ ಆಶ್ಚರ್ಯ ಆಗಲಿಲ್ಲ. ಬಯಲಾಟ ನೋಡಿ ಬೆಳೆದ ಊರು ನಮ್ಮದು. ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ರಾತ್ರಿಯಿಡೀ ಕೂರುತ್ತಾರೆ. ಜಾತ್ರೆಗೆ ಬರುವ ನಾಟಕ ಕಂಪನಿಯ ಆಟವನ್ನು ನಿನ್ನೆ ನೋಡಿದವನೇ ಇವತ್ತು ನೆಂಟರನ್ನು ಕರೆದುಕೊಂಡು ಬರುತ್ತಾನೆ. ಅವನು ರಂಗ ನೋಡುವುದಿಲ್ಲ, ನೆಂಟರ ಮುಖ ನೋಡುತ್ತಾನೆ. ಈಗ ಇಂಟರ್‌ನೆಟ್‌ನಲ್ಲಿ ಹುಡುಗರು ಬೇರೆಯವರು ಕಂತು ನೋಡಿ ಬೆಚ್ಚಿಬೀಳುವ ವಿಡಿಯೋಗಳನ್ನು ನೋಡುತ್ತಾರಲ್ಲ, ಅದೂ ಇದೇ ಚಟ. ನನ್ನ ಲೆಕ್ಕದಲ್ಲಿ ಬೆಚ್ಚಿಬೀಳುವ ಸುಖ ಒಂದು ಸಲ ಮಾತ್ರ ಸಿಗುತ್ತದೆ. ಸುಳಿವು ಹುಡುಕುವ ಸುಖ ಎರಡನೇ ಸಲವೂ ಸಿಗುತ್ತದೆ, ಕಥೆಯಲ್ಲಿ ಸುಳಿವು ಇಟ್ಟಿದ್ದರೆ.

ಇನ್ನೊಬ್ಬ ಗಿರಾಕಿ ಇದ್ದಾನೆ. ಅವನು ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ. "ನಾ ಮೊದಲೇ ಹೇಳಿದ್ದೆ ಇಲ್ಲೋ? ಅಂವನ ಮೋತಿ ನೋಡಿದ್ರನ ಗೊತ್ತಾಗತಿತ್ತು." ಅವನು ಹೇಳಿರಲಿಲ್ಲ. ನಮಗೆಲ್ಲ ನೆನಪಿದೆ, ಅವನು ಅಡುಗೆಯವನ ಮೇಲೆ ಡೌಟು ಪಟ್ಟಿದ್ದ. ಆದರೆ ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನುವ ಹಾಗೂ ಇಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ರಷ್ಯಾ ಪ್ರವಾಸಕ್ಕೆ ಹೊರಟಾಗ, ಬಾರುಕ್ ಫಿಷಾಫ್ ಮತ್ತು ರೂತ್ ಬೇಥ್ ಅನ್ನುವ ಸಂಶೋಧಕರು ವಿದ್ಯಾರ್ಥಿಗಳಿಗೆ ಅಲ್ಲಿ ಏನೇನು ಆಗಬಹುದು ಅಂತ ಕೇಳಿ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ನೀವು ಮೊದಲು ಏನು ಬರೆದಿದ್ದಿರಿ ನೆನಪು ಮಾಡಿ ಹೇಳಿ ಅಂದರು. ನಡೆದುಹೋದ ಸಂಗತಿಗಳ ವಿಷಯದಲ್ಲಿ, ತಾವು ಬರೆದದ್ದಕ್ಕಿಂತ ಜಾಸ್ತಿ ಖಚಿತವಾಗಿ ಹೇಳಿದ್ದೆವು ಅಂತ ಅವರಿಗೆ ನೆನಪು. ಉತ್ತರ ಸಿಕ್ಕ ಕೂಡಲೇ ತಲೆ ಹಳೆಯ ಊಹೆಯನ್ನು ತಿದ್ದಿಬಿಡುತ್ತದೆ. ಹಾಗಾಗಿ ಮನೆಯಲ್ಲಿ ಜಗಳ ಬೇಡ ಅಂದರೆ ಕೊನೆಯ ಕಂತಿಗೆ ಮೊದಲು ಎಲ್ಲರಿಂದ ಚೀಟಿ ಬರೆಸಿ ಡಬ್ಬಿಯಲ್ಲಿ ಹಾಕಿಡಿ. ಕಾಕಾ ಒಪ್ಪುವುದಿಲ್ಲ. ಆದರೂ ಕೇಳಿ ನೋಡಿ.

ಅಭಿಮಾನಿಗಳು ಬರೆಯುವವರಿಗಿಂತ ಮುಂದೆ ಹೋದರೆ ಏನಾಗುತ್ತದೆ? ಷರ್ಲಾಕ್ ಹೋಮ್ಸ್ ಅನ್ನು ಕಾನನ್ ಡಾಯ್ಲ್ 1893ರಲ್ಲೇ ಜಲಪಾತಕ್ಕೆ ಕೆಡವಿ ಕೊಂದರು. ಓದುಗರು ಪತ್ರ ಬರೆದು ಬೈದರು, 20,000 ಜನ ಪತ್ರಿಕೆ ಬಿಟ್ಟರು ಅನ್ನುವ ಮಾತಿದೆ. ಹತ್ತು ವರ್ಷದ ಮೇಲೆ ಅವನನ್ನು ಬದುಕಿಸಿ ತರಬೇಕಾಯಿತು. ಬಿಬಿಸಿಯ ಹೊಸ 'ಷರ್ಲಾಕ್' ಅದೇ ಆಟವನ್ನು ಮತ್ತೆ ಆಡಿತು. 2012ರ ಜನವರಿ 15ರಂದು ಅವನು ಆಸ್ಪತ್ರೆಯ ಮಾಳಿಗೆಯಿಂದ ಬಿದ್ದ, ರಕ್ತ ಹರಿಯಿತು, ಗೆಳೆಯ ವಾಟ್ಸನ್ ನಾಡಿ ಹಿಡಿದು ನೋಡಿದ, ಹೂಳಿದ್ದೂ ಆಯಿತು. ಕೊನೆಯ ದೃಶ್ಯದಲ್ಲಿ ಅವನು ಗೋರಿಯಿಂದ ದೂರದಲ್ಲಿ ನಿಂತಿದ್ದಾನೆ! ಮುಂದಿನ ಕಂತು ಬಂದದ್ದು 2014ರ ಜನವರಿ 1ರಂದು. ಹತ್ತಿರ ಹತ್ತಿರ ಎರಡು ವರ್ಷ.

ಆ ಎರಡು ವರ್ಷ ಜನ ಮಾಡಿದ ಕೆಲಸ ನೋಡಿದರೆ ಪೊಲೀಸರೂ ನಾಚಬೇಕು. ಆ ಹತ್ತು ನಿಮಿಷದ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಲಾರಿ ಯಾಕೆ ಅಲ್ಲೇ ನಿಂತಿತ್ತು? ಸೈಕಲ್‌ನವನು ವಾಟ್ಸನ್‌ಗೆ ಡಿಕ್ಕಿ ಹೊಡೆದದ್ದು ಆಕಸ್ಮಿಕವಾ? ಷರ್ಲಾಕ್ ರಬ್ಬರ್ ಚೆಂಡಿನ ಜೊತೆ ಆಡುತ್ತಿದ್ದನಲ್ಲ, ಅದನ್ನು ಕಂಕುಳಲ್ಲಿ ಒತ್ತಿ ಹಿಡಿದರೆ ನಾಡಿ ಸಿಗುವುದಿಲ್ಲ! ಮಾತು ಹಿಂದಕ್ಕೆ ಹೋಗುವುದು ಅಂದರೆ ಇದು. ಬರೆಯುವವರೂ ಜಾಣರು. 2014ರ ಕಂತಿನಲ್ಲಿ ಅಭಿಮಾನಿಗಳ ಒಂದು ಸಂಘವನ್ನೇ ಕಥೆಯೊಳಗೆ ತಂದರು. ಅವರ ಬಾಯಿಂದ ಎರಡು ಹುಚ್ಚು ಉತ್ತರ ಹೇಳಿಸಿದರು. ಕೊನೆಗೆ ಷರ್ಲಾಕ್ ತಾನೇ ಒಂದು ಉತ್ತರ ಹೇಳುತ್ತಾನೆ. ಕೇಳಿಸಿಕೊಂಡವನು, ಇಷ್ಟೇನಾ ಅಂತ ಬೇಸರ ಪಡುತ್ತಾನೆ, ಆಮೇಲೆ ಇದು ನಿಜವೋ ಅಲ್ಲವೋ ಅಂತ ಅನುಮಾನವನ್ನೂ ಪಡುತ್ತಾನೆ. ಕೆಲವರು ಬಿದ್ದು ಬಿದ್ದು ನಕ್ಕರು. ಇನ್ನು ಕೆಲವರು ನಮ್ಮನ್ನೇ ಗೇಲಿ ಮಾಡಿದರು ಅಂದರು. ನಾನು ಎರಡನೇ ಗುಂಪಿನವನು. ಎರಡು ವರ್ಷ ಕಾಯಿಸಿದ ಮೇಲೆ ಒಂದು ನೇರ ಉತ್ತರ ಕೊಡಬೇಕಿತ್ತು. ಜಾಣತನವನ್ನೇ ಉತ್ತರ ಅಂತ ಕೊಟ್ಟರೆ ಹೇಗೆ?

ಉತ್ತರ ಕೊಟ್ಟೂ ಕೆಟ್ಟವರಿದ್ದಾರೆ. 1990ರಲ್ಲಿ ಅಮೆರಿಕದಲ್ಲಿ 'ಟ್ವಿನ್ ಪೀಕ್ಸ್' ಶುರುವಾಯಿತು. ಲಾರಾ ಅನ್ನುವ ಹುಡುಗಿಯನ್ನು ಕೊಂದವರು ಯಾರು ಅನ್ನುವುದೇ ಕಥೆ. ನಿರ್ದೇಶಕ ಡೇವಿಡ್ ಲಿಂಚ್‌ಗೆ ಅದನ್ನು ಹೇಳುವ ಮನಸ್ಸೇ ಇರಲಿಲ್ಲ. ಚಾನೆಲ್ ಒತ್ತಾಯ ಮಾಡಿತು. ನವೆಂಬರ್‌ನಲ್ಲಿ ಹೇಳಿದರು. ಆಮೇಲೆ ನೋಡುವವರು ಕರಗಿದರು, ಮುಂದಿನ ಜೂನ್‌ಗೆ ಅಂಗಡಿ ಮುಚ್ಚಿತು.

ನಮ್ಮ ದಿನದ ಸೀರಿಯಲ್‌ಗಳ ಕಷ್ಟ ಬೇರೆ. ವಾರಕ್ಕೆ ಐದಾರು ಕಂತು. ಅರ್ಧ ಗಂಟೆಯಲ್ಲಿ ಜಾಹೀರಾತು ಬಿಟ್ಟು ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಕಥೆ ಯಾವಾಗ ಮುಗಿಯುತ್ತದೆ ಅಂತ ಬರೆಯುವವರಿಗೇ ಗೊತ್ತಿರುವುದಿಲ್ಲ. ಪ್ರತಿ ವಾರ ರೇಟಿಂಗ್ ಬರುತ್ತದೆ, ಅದನ್ನು ನೋಡಿ ಮುಂದಿನ ಕಥೆ ತಿರುಗುತ್ತದೆ. ಒಂದು ಪಾತ್ರ ಜನರಿಗೆ ಹಿಡಿಸಿದರೆ ಅವನು ಕೊಲೆಗಾರ ಆಗುವುದು ತಪ್ಪುತ್ತದೆ. ನಟಿಗೆ ಸಿನಿಮಾ ಸಿಕ್ಕಿದರೆ ಅವಳೇ ಕೊಲೆಯಾಗುತ್ತಾಳೆ. ಉತ್ತರ ಗೊತ್ತಿಲ್ಲದೆ ಸುಳಿವು ಇಡುವುದು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಅಲ್ಲಿ ತಿರುವು ಬರುತ್ತದೆ, ಸುಳಿವು ಇರುವುದಿಲ್ಲ. ಇಪ್ಪತ್ತೋ ಮೂವತ್ತೋ ಕಂತು ಅಂತ ಮೊದಲೇ ನಿಗದಿ ಮಾಡಿ, ಕೊನೆಯನ್ನು ಬರೆದಿಟ್ಟು ಶುರು ಮಾಡಿದರೆ ಕನ್ನಡದಲ್ಲೂ ಒಳ್ಳೆಯ ಪತ್ತೇದಾರಿ ಬರುತ್ತದೆ. ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿ ಸವೆಸಿದ ಜನ ನಾವು. ಓದುಗರಿಗೆ ಬರ ಇರಲಿಲ್ಲ, ನೋಡುವವರಿಗೂ ಬರ ಬರುವುದಿಲ್ಲ.

ಸಭೆಯಲ್ಲಿ ಕೂತವರಿಂದ ಎರಡು ಚೀಟಿ ಬಂದಿವೆ. ಮೊದಲನೆಯದು: "ಸರ್, ಹಂಗಾದ್ರ ನಾವು ಬೈಯೋದು ತಪ್ಪೇನ್ರಿ?" ಬೈಯಿರಿ. ಆದರೆ ಕೊಲೆಗಾರ್ತಿಯ ಪಾತ್ರ ಮಾಡಿದ ಹೆಣ್ಣುಮಗಳ ಫೋಟೋ ಕೆಳಗೆ ಹೋಗಿ ಬೈಯಬೇಡಿ. ಅವರಿಗೆ ಕೊಟ್ಟ ಮಾತನ್ನು ಅವರು ಆಡಿದ್ದಾರೆ. ಕಥೆ ಬರೆಸಿದವರಿಗೆ ಬರೆಯಿರಿ, ಯಾವ ಕಂತಿನಲ್ಲಿ ಏನು ಹೇಳಿದ್ದಿರಿ, ಈಗ ಏನು ಹೇಳುತ್ತಿದ್ದೀರಿ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಅಂಥ ಒಂದು ಪತ್ರಕ್ಕೆ ಅವರು ಹೆದರುವಷ್ಟು ನೂರು ಬೈಗುಳಕ್ಕೆ ಹೆದರುವುದಿಲ್ಲ.

ಎರಡನೇ ಚೀಟಿ: "ನಿನ್ನೆ ರಾತ್ರಿ ಕರೆಕ್ಟ್ ಟೈಮಿಗೆ ಕರೆಂಟ್ ಹೋಯ್ತ್ರಿ. ಕೊಂದವರು ಯಾರು?" ನನಗೆ ಗೊತ್ತು. ಆದರೆ ಇದನ್ನು ಮೈಕಿನಲ್ಲಿ ಹೇಳಿದರೆ ಜರ್ಮನಿಯ ಆ ನಾಯ್ಸ್‌ಗೆ ಆದ ಗತಿ ನನಗೂ ಆಗುತ್ತದೆ. ಹೊರಗೆ ಚಹಾ ಇಟ್ಟಿದ್ದಾರೆ. ಚೀಟಿ ಬರೆದವರು ಒಬ್ಬರೇ ಬನ್ನಿ, ಕಿವಿಯಲ್ಲಿ ಹೇಳುತ್ತೇನೆ.